ಗುಂಡಿ ಗ್ರಂಥಪಾಲಕರ ಕೈಗೆ, ಅಧಿಕಾರ ಸರ್ವರ್‌ನೊಳಗೆ: ವೆಬ್ ಪುಟದಿಂದ ಸೇವೆಯೊಂದನ್ನು ಸುರಕ್ಷಿತವಾಗಿ ಮರುಪ್ರಾರಂಭಿಸುವ ಬಗೆ

ಕರ್ನಾಟಕದ ಅನೇಕ ಕಾಲೇಜು ಗ್ರಂಥಾಲಯಗಳಲ್ಲಿ ಕೋಹಾ ಎಂಬ ಮುಕ್ತ ತಂತ್ರಾಂಶ ಬಳಕೆಯಲ್ಲಿದೆ. ನ್ಯೂಜಿಲೆಂಡಿನಲ್ಲಿ 1999ರಲ್ಲಿ ರೂಪುಗೊಂಡ ಈ ತಂತ್ರಾಂಶವನ್ನು ಸಾಮಾನ್ಯವಾಗಿ ಡೆಬಿಯನ್ ಅಥವಾ ಉಬುಂಟು ಎಂಬ ಲಿನಕ್ಸ್ ವಿತರಣೆ ಇರುವ ಸರ್ವರ್ ಮೇಲೆ ಸ್ಥಾಪಿಸುತ್ತಾರೆ. ಪುಸ್ತಕಗಳ ವಿವರಗಳು ಡೇಟಾಬೇಸ್‌ನಲ್ಲಿ ಇರುತ್ತವೆಯಾದರೂ, ವಿದ್ಯಾರ್ಥಿಯೊಬ್ಬ ಹುಡುಕಿದಾಗ ಬರುವ ಉತ್ತರವನ್ನು ಬಹಳ ಕಡೆ ಝೀಬ್ರಾ ಎಂಬ ಬೇರೊಂದು ಪ್ರೋಗ್ರಾಮ್ ತನ್ನ ಸೂಚಿಯಿಂದ ತೆಗೆದುಕೊಡುತ್ತದೆ. ಹೊಸದಾಗಿ ದಾಖಲಾದ ಪುಸ್ತಕವನ್ನು ಆ ಸೂಚಿಗೆ ಸೇರಿಸಲು ಹಿನ್ನೆಲೆಯಲ್ಲಿ ಇನ್ನೊಂದು ಪ್ರೋಗ್ರಾಮ್ ಸದಾ ಓಡುತ್ತಿರಬೇಕು. ಅದು ಯಾವುದೋ ಕಾರಣಕ್ಕೆ ನಿಂತುಹೋದರೆ ಉಳಿದದ್ದೆಲ್ಲ ಸರಿಯಾಗಿಯೇ ನಡೆಯುತ್ತಿರುತ್ತದೆ. ಪುಸ್ತಕ ಕೊಡುವುದು, ಹಿಂದಿರುಗಿಸಿಕೊಳ್ಳುವುದು ಯಾವುದಕ್ಕೂ ಅಡ್ಡಿಯಿಲ್ಲ. ಆದರೆ ಬೆಳಿಗ್ಗೆ ದಾಖಲಿಸಿದ ಪುಸ್ತಕ ಸಂಜೆಯಾದರೂ ಹುಡುಕಾಟದಲ್ಲಿ ಕಾಣಿಸುವುದಿಲ್ಲ.

ಇದಕ್ಕೆ ತಕ್ಷಣದ ಪರಿಹಾರ ಸರಳವಾಗಿದೆ. ಕೋಹಾ-ಕಾಮನ್ ಎಂಬ ಸೇವೆಯನ್ನು ಮರುಪ್ರಾರಂಭಿಸಿದರೆ ಹಿನ್ನೆಲೆಯ ಪ್ರೋಗ್ರಾಮ್‌ಗಳು ಮತ್ತೆ ಎದ್ದು ಕೆಲಸಕ್ಕೆ ತೊಡಗುತ್ತವೆ. ತೊಡಕೇನಿದ್ದರೂ ಲಕ್ಷಣವನ್ನು ಮೊದಲು ಗುರುತಿಸುವವರು ಒಬ್ಬರು, ಕಮಾಂಡ್ ಕೊಡುವ ಅಧಿಕಾರ ಇರುವವರು ಇನ್ನೊಬ್ಬರು ಎಂಬುದರಲ್ಲಿದೆ. ಗ್ರಂಥಪಾಲಕರಿಗೆ ಏನಾಗಿದೆಯೆಂದು ಗೊತ್ತು, ಆದರೆ ಸರ್ವರ್‌ಗೆ ಲಾಗಿನ್ ಆಗುವ ಅವಕಾಶವಿಲ್ಲ. ಸಿಸ್ಟಮ್ ಅಡ್ಮಿನ್‌ಗೆ ಅವಕಾಶವಿದೆ, ಆದರೆ ಅವರು ಬೇರೆ ಕ್ಯಾಂಪಸ್ಸಿನಲ್ಲಿರಬಹುದು ಅಥವಾ ರಜೆಯಲ್ಲಿರಬಹುದು. ಇಂಥ ಕಡೆಗಳಲ್ಲಿ ಕೊನೆಗೆ ಸರ್ವರ್‌ನ ಸರ್ವಾಧಿಕಾರವಿರುವ ಬಳಕೆದಾರನಾದ ರೂಟ್‌ನ ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ಮೇಜಿನ ಖಾನೆ ಸೇರುತ್ತದೆ. ಒಂದು ಸೇವೆಯನ್ನು ಎಬ್ಬಿಸುವುದಕ್ಕಾಗಿ ಇಡೀ ಯಂತ್ರವನ್ನೇ ಕೊಟ್ಟಂತಾಯಿತು. ಅದಕ್ಕಿಂತ, ಗ್ರಂಥಪಾಲಕರು ತಮ್ಮ ಬ್ರೌಸರ್‌ನಲ್ಲಿ ಒಂದು ಪುಟ ತೆರೆದು ಒಂದು ಗುಂಡಿ ಒತ್ತಿದರೆ ಆ ಒಂದು ಸೇವೆ ಮಾತ್ರ ಮರುಪ್ರಾರಂಭವಾಗುವ ಹಾಗೆ ಮಾಡಿಕೊಡುವುದು ಎಷ್ಟೋ ಮೇಲು. ಆದರೆ ಹಾಗೆ ಮಾಡುವ ದಾರಿಗಳಲ್ಲಿ ಕೆಲವು, ಮೇಜಿನ ಖಾನೆಯ ಚೀಟಿಗಿಂತಲೂ ಅಪಾಯಕಾರಿಯಾಗಿವೆ. ಚೀಟಿಯನ್ನು ನೋಡಬೇಕೆಂದರೆ ಆ ಕೋಣೆಗೇ ಬರಬೇಕು, ತಪ್ಪಾಗಿ ಕಟ್ಟಿದ ಪುಟವನ್ನು ಮುಟ್ಟಲು ಜಾಲದ ಸಂಪರ್ಕ ಸಾಕು.

ವೆಬ್ ಸರ್ವರ್‌ಗೆ ಅಧಿಕಾರ ಏಕಿಲ್ಲ

ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳನ್ನು, ಅಂದರೆ ಜಾಲದ ಸಂಪರ್ಕಗಳು ಬರುವ ಸಂಖ್ಯೆಯ ಬಾಗಿಲುಗಳನ್ನು, ತೆರೆಯಲು ವಿಶೇಷ ಅಧಿಕಾರ ಬೇಕಾದ್ದರಿಂದ, ಅಪಾಚೆಯಂಥ ವೆಬ್ ಸರ್ವರ್ ರೂಟ್ ಆಗಿಯೇ ಪ್ರಾರಂಭವಾಗುತ್ತದೆ; ಆದರೆ ಹೊರಗಿನಿಂದ ಬರುವ ಕೋರಿಕೆಗಳಿಗೆ ಉತ್ತರಿಸುವ ಪ್ರಕ್ರಿಯೆಗಳನ್ನು ಹುಟ್ಟಿಸುವಾಗ ಆ ಅಧಿಕಾರವನ್ನು ತೊರೆದು, ಡೆಬಿಯನ್‌ನಲ್ಲಿ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ, ಯಾವ ವಿಶೇಷ ಹಕ್ಕೂ ಇಲ್ಲದ ಬಳಕೆದಾರನ ಹೆಸರಿಗೆ ಅವನ್ನು ಬಿಡುತ್ತದೆ. ಈ ತೊರೆಯುವಿಕೆ ಬೇಕೆಂದೇ ಮಾಡಿದ್ದು. ವೆಬ್ ಸರ್ವರ್ ಅಪರಿಚಿತರ ಮಾತನ್ನು ದಿನವಿಡೀ ಕೇಳುವ ಪ್ರೋಗ್ರಾಮ್. ಅದರಲ್ಲೋ ಅದರ ಮೇಲೆ ಓಡುವ ಪಿಎಚ್‌ಪಿ, ಪರ್ಲ್, ಪೈಥಾನ್ ಕೋಡ್‌ನಲ್ಲೋ ಒಂದು ದೋಷ ಸಿಕ್ಕಿದರೂ ಒಳನುಗ್ಗಿದವರ ಕೈಗೆ ಆ ಬಡ ಬಳಕೆದಾರನ ಹಕ್ಕುಗಳಷ್ಟೇ ಸಿಗಲಿ ಎಂಬುದು ಅದರ ಹಿಂದಿನ ಲೆಕ್ಕ.

ಸೇವೆಗಳನ್ನು ನಿಲ್ಲಿಸಿ ಎಬ್ಬಿಸುವ ಕೆಲಸ ಈಗಿನ ಬಹುತೇಕ ಲಿನಕ್ಸ್ ವಿತರಣೆಗಳಲ್ಲಿ ಸಿಸ್ಟಮ್‌ಡಿಯದು. 2010ರಲ್ಲಿ ಹುಟ್ಟಿದ ಇದನ್ನು ಫೆಡೋರಾ 2011ರಲ್ಲಿ, ಡೆಬಿಯನ್ ಮತ್ತು ಉಬುಂಟು 2015ರಲ್ಲಿ ತಮ್ಮ ಸಹಜ ವ್ಯವಸ್ಥೆಯಾಗಿ ಅಳವಡಿಸಿಕೊಂಡವು. ನಾವು ಸಿಸ್ಟಮ್‌ಸಿಟಿಎಲ್ ಕಮಾಂಡ್‌ನಿಂದ ಸೇವೆಯನ್ನು ಮರುಪ್ರಾರಂಭಿಸಿದೆವು ಎಂದುಕೊಳ್ಳುತ್ತೇವೆ. ನಿಜದಲ್ಲಿ ಆ ಕಮಾಂಡ್ ಸ್ವತಃ ಏನನ್ನೂ ನಿಲ್ಲಿಸುವುದಿಲ್ಲ, ಏನನ್ನೂ ಎಬ್ಬಿಸುವುದಿಲ್ಲ. ಅದು ಯಂತ್ರದ ಮೊದಲ ಪ್ರಕ್ರಿಯೆಯಾದ ಸಿಸ್ಟಮ್‌ಡಿಗೆ ಒಂದು ಸಂದೇಶ ಕಳಿಸುತ್ತದೆ, ಸಿಸ್ಟಮ್‌ಡಿ ಕೇಳಿದವರು ಯಾರೆಂದು ನೋಡುತ್ತದೆ, ರೂಟ್ ಅಲ್ಲದಿದ್ದರೆ ಪೋಲ್ಕಿಟ್ ಎಂಬ ಅನುಮತಿ ವ್ಯವಸ್ಥೆಯನ್ನು ವಿಚಾರಿಸುತ್ತದೆ, ಒಪ್ಪಿಗೆ ಬಂದರೆ ಮಾತ್ರ ಕೆಲಸ ಮಾಡುತ್ತದೆ. ಕೇಳುವುದು ಬೇರೆ, ಮಾಡುವುದು ಬೇರೆ ಎಂಬ ಈ ವಿಭಜನೆ ವ್ಯವಸ್ಥೆಯಲ್ಲಿಯೇ ಇದೆ. ನಮ್ಮ ಪುಟವನ್ನು ಕಟ್ಟುವಾಗಲೂ ಇದನ್ನೇ ಹಿಡಿದು ನಡೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ: ಪುಟಕ್ಕೆ ಮರುಪ್ರಾರಂಭಿಸುವ ಅಧಿಕಾರ ಕೊಡಬಾರದು, ಕೇಳುವ ಅವಕಾಶವನ್ನಷ್ಟೇ ಕೊಡಬೇಕು, ಕೇಳುವ ಮಾತಿನಲ್ಲಿ ಪುಟವು ತನ್ನದಾಗಿ ಒಂದು ಪದವನ್ನೂ ಸೇರಿಸಲಾಗದಂತೆ ಇರಬೇಕು.

ಕೆಡುಕಿನ ದಾರಿಗಳು

ವೆಬ್ ಸರ್ವರನ್ನೇ ರೂಟ್ ಆಗಿ ಓಡಿಸಿಬಿಡುವುದು ಮೊದಲಿಗೆ ತೋಚುವ ದಾರಿ. ಅದರ ಬೆಲೆ ಏನೆಂಬುದಕ್ಕೆ ವೆಬ್‌ಮಿನ್‌ನ ಪ್ರಕರಣ ಸಾಕು. 1997ರಿಂದ ಬಳಕೆಯಲ್ಲಿರುವ ಈ ನಿರ್ವಹಣಾ ಫಲಕ ತನ್ನದೇ ವೆಬ್ ಸರ್ವರನ್ನು ರೂಟ್ ಅಧಿಕಾರದಲ್ಲಿ ಓಡಿಸುತ್ತದೆ. 2019ರ ಆಗಸ್ಟ್‌ನಲ್ಲಿ, ಅದರ ಪಾಸ್‌ವರ್ಡ್ ಬದಲಿಸುವ ಪುಟದಲ್ಲಿ ದುರುದ್ದೇಶದಿಂದ ಸೇರಿಸಲಾಗಿದ್ದ ಕಳ್ಳ ಕೋಡ್ ಬೆಳಕಿಗೆ ಬಂತು. ಪೀಡಿತ ಆವೃತ್ತಿಗಳಲ್ಲಿ ಲಾಗಿನ್ ಆಗದವರೂ ಆ ಪುಟದ ಮೂಲಕ ಕಮಾಂಡ್ ಓಡಿಸಬಹುದಾಗಿತ್ತು, ಮತ್ತು ಫಲಕವೇ ರೂಟ್ ಆಗಿದ್ದರಿಂದ ಆ ಕಮಾಂಡ್ ಕೂಡ ರೂಟ್ ಆಗಿಯೇ ಓಡುತ್ತಿತ್ತು. ದೋಷ ಎಲ್ಲಿ ಬೇಕಾದರೂ ಬರಬಹುದು. ಅದು ಎಷ್ಟು ದೂರ ಸುಡುತ್ತದೆ ಎಂಬುದು ಅದರ ಸುತ್ತ ನಾವು ಎಷ್ಟು ಅಧಿಕಾರ ಇಟ್ಟಿದ್ದೇವೆ ಎಂಬುದರ ಮೇಲಿದೆ.

ಒಂದು ಶೆಲ್ ಸ್ಕ್ರಿಪ್ಟ್ (ಶೆಲ್ ಎಂದರೆ ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಮ್) ಬರೆದು ಅದಕ್ಕೆ, ಓಡಿಸಿದವರು ಯಾರೇ ಆದರೂ ಕಡತದ ಮಾಲಿಕನ ಅಧಿಕಾರದಲ್ಲೇ ಓಡುವಂತೆ ಮಾಡುವ ಸೆಟ್‌ಯುಐಡಿ ಗುರುತು ಹಚ್ಚುವ ಸಲಹೆಯನ್ನೂ ಕೆಲವರು ಕೊಡುತ್ತಾರೆ. ಲಿನಕ್ಸ್‌ನ ತಿರುಳಾದ ಕರ್ನಲ್ ಸ್ಕ್ರಿಪ್ಟ್‌ಗಳ ಮೇಲಿನ ಆ ಗುರುತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಆ ಸಲಹೆಯನ್ನು ಅಲ್ಲಿಗೇ ಬಿಡಬಹುದು.

ಎಲ್ಲಕ್ಕಿಂತ ಹೆಚ್ಚು ಕಾಣಸಿಗುವ ಮತ್ತು ಎಲ್ಲಕ್ಕಿಂತ ಸಾಧುವಾಗಿ ತೋರುವ ತಪ್ಪು ಬೇರೆಯದು. ಇಂದು ಒಂದು ಸೇವೆ, ನಾಳೆ ಇನ್ನೊಂದು ಬೇಕಾಗಬಹುದು ಎಂದು ಯೋಚಿಸಿದ ಪ್ರೋಗ್ರಾಮರ್, ಸೇವೆಯ ಹೆಸರನ್ನು ಪುಟದ ಫಾರ್ಮ್‌ನಿಂದ ತೆಗೆದುಕೊಂಡು ಕಮಾಂಡ್‌ನ ಕೊನೆಗೆ ಅಂಟಿಸುತ್ತಾರೆ. ಪುಟದಲ್ಲಿ ಒಂದು ಪಟ್ಟಿಯಷ್ಟೇ ಕಾಣುತ್ತದೆ, ಅದರಲ್ಲಿ ಆಯ್ದ ಹೆಸರುಗಳಷ್ಟೇ ಇವೆ. ಆದರೆ ಬ್ರೌಸರ್‌ನಿಂದ ಸರ್ವರ್‌ಗೆ ಬರುವ ಮಾತು ಆ ಪಟ್ಟಿಗೆ ಬದ್ಧವಾಗಿರಬೇಕಿಲ್ಲ. ಕಳಿಸುವವರು ಹೆಸರಿನ ನಂತರ ಒಂದು ಅರ್ಧವಿರಾಮ ಚಿಹ್ನೆ ಹಾಕಿ ಮತ್ತೊಂದು ಕಮಾಂಡ್ ಬರೆದರೆ, ಶೆಲ್ ಎರಡನ್ನೂ ಓಡಿಸುತ್ತದೆ. ಶೆಲ್ಲನ್ನು ನಡುವೆ ತರದೆ ಪದಗಳನ್ನು ಬಿಡಿಬಿಡಿಯಾಗಿ ಕಳಿಸುವ ವಿಧಾನ ಪೈಥಾನ್‌ನಂಥ ಭಾಷೆಗಳಲ್ಲಿದೆ, ಅದನ್ನೇ ಬಳಸಬೇಕು ಎಂಬುದು ಸರಿ. ಆದರೆ ಆಗಲೂ ಯಾವ ಸೇವೆಯನ್ನು ಮುಟ್ಟಬೇಕು ಎಂಬ ನಿರ್ಧಾರ ಹೊರಗಿನವರ ಕೈಯಲ್ಲೇ ಉಳಿಯಿತು.

ಈ ಬಗೆಯ ತೊಡಕನ್ನು ನಾರ್ಮ್ ಹಾರ್ಡಿ 1988ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಬರಹದಲ್ಲಿ ವಿವರಿಸಿದ್ದಾರೆ. ಟೈಮ್‌ಶೇರ್ ಎಂಬ ಸಂಸ್ಥೆಯ ಕಂಪ್ಯೂಟರಿನಲ್ಲಿದ್ದ ಒಂದು ಕಂಪೈಲರ್‌ಗೆ (ಬರೆದ ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಪ್ರೋಗ್ರಾಮ್), ಬಳಕೆಯ ಅಂಕಿಅಂಶ ಬರೆದಿಡುವುದಕ್ಕಾಗಿ ವ್ಯವಸ್ಥೆಯದೇ ಒಂದು ಡೈರೆಕ್ಟರಿಯಲ್ಲಿ ಬರೆಯುವ ಹಕ್ಕು ಕೊಡಲಾಗಿತ್ತು. ಬಳಕೆದಾರರು ತಮ್ಮ ಫಲಿತಾಂಶ ಯಾವ ಕಡತಕ್ಕೆ ಹೋಗಬೇಕೆಂದು ಅದಕ್ಕೆ ಹೆಸರು ಹೇಳಬಹುದಾಗಿತ್ತು. ಅದೇ ಡೈರೆಕ್ಟರಿಯಲ್ಲಿ ಗ್ರಾಹಕರ ಬಿಲ್ಲಿನ ಲೆಕ್ಕವಿದ್ದ ಕಡತವೂ ಇತ್ತು. ಒಬ್ಬ ಬಳಕೆದಾರ ಆ ಕಡತದ ಹೆಸರನ್ನೇ ಕೊಟ್ಟಾಗ ಕಂಪೈಲರ್ ನಿಷ್ಠೆಯಿಂದ ಅದರ ಮೇಲೆ ಬರೆದು ಲೆಕ್ಕವನ್ನು ಅಳಿಸಿಹಾಕಿತು. ಬಳಕೆದಾರನಿಗೆ ಆ ಕಡತ ಮುಟ್ಟುವ ಹಕ್ಕಿರಲಿಲ್ಲ, ಕಂಪೈಲರ್‌ಗೆ ಕೆಡಿಸುವ ಉದ್ದೇಶವಿರಲಿಲ್ಲ. ಅಧಿಕಾರ ಒಬ್ಬರದು, ಹೆಸರು ಹೇಳಿದವರು ಇನ್ನೊಬ್ಬರು. ಅವೆರಡೂ ಒಂದೇ ಕಡೆ ಸೇರಿದಾಗ ಹಾನಿಯಾಯಿತು. ನಮ್ಮ ಪುಟ ಸೇವೆಯ ಹೆಸರನ್ನು ಹೊರಗಿನಿಂದ ಪಡೆದರೆ ಅದೂ ಇಂಥದೇ ಕಂಪೈಲರ್ ಆಗುತ್ತದೆ.

ಸುಡೊ: ಬಾಗಿಲನ್ನು ಎಷ್ಟು ಕಿರಿದು ಮಾಡಬಹುದು

ರೂಟ್ ಅಲ್ಲದವರಿಗೆ ಆಯ್ದ ಕಮಾಂಡ್‌ಗಳನ್ನು ಮಾತ್ರ ರೂಟ್ ಆಗಿ ಓಡಿಸುವ ಅನುಮತಿ ಕೊಡುವ ಸುಡೊ, 1980ರ ಸುಮಾರಿಗೆ ಅಮೆರಿಕದ ಬಫಲೋ ನಗರದ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಹೆಚ್ಚಿನವರು ಹಿಡಿಯುವ ದಾರಿ ಇದೇ, ಮತ್ತು ಎಚ್ಚರದಿಂದ ಬರೆದರೆ ಇದು ಕೆಲಸಕ್ಕೆ ಬರುತ್ತದೆ. ಸುಡೊದ ಅನುಮತಿ ಪಟ್ಟಿಯಾದ ಸುಡೋಯರ್ಸ್ ಕಡತದಲ್ಲಿ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಬಳಕೆದಾರನಿಗೆ, ಪಾಸ್‌ವರ್ಡ್ ಕೇಳದೆ, ಸಿಸ್ಟಮ್‌ಸಿಟಿಎಲ್ ಇರುವ ಪೂರ್ಣ ದಾರಿ, ಅದರ ಮುಂದೆ ರೀಸ್ಟಾರ್ಟ್ ಎಂಬ ಪದ, ಅದರ ಮುಂದೆ ಕೋಹಾ-ಕಾಮನ್ ಎಂಬ ಹೆಸರು, ಇಷ್ಟನ್ನೇ ಅಕ್ಷರಶಃ ಬರೆದು ಅನುಮತಿಸಬೇಕು. ಹಾಗೆ ಬರೆದಾಗ ಸುಡೊ ಅಷ್ಟಕ್ಕೇ ಒಪ್ಪುತ್ತದೆ, ಒಂದು ಪದ ಹೆಚ್ಚಾದರೂ ನಿರಾಕರಿಸುತ್ತದೆ.

ಎಡವುವುದು ಈ ಸಾಲನ್ನು ಸ್ವಲ್ಪ ಸಡಿಲಿಸಿದಾಗ. ಕಮಾಂಡ್‌ನ ದಾರಿಯನ್ನಷ್ಟೇ ಬರೆದು ಮುಂದಿನ ಪದಗಳನ್ನು ಬಿಟ್ಟರೆ, ಯಾವ ಪದವನ್ನು ಬೇಕಾದರೂ ಸೇರಿಸಿ ಓಡಿಸಲು ಅನುಮತಿ ಕೊಟ್ಟಂತೆ. ಕೋಹಾ ಎಂದು ಪ್ರಾರಂಭವಾಗುವ ಎಲ್ಲ ಸೇವೆಗಳಿಗೂ ಇರಲೆಂದು ಹೆಸರಿನ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ, ಆ ಚಿಹ್ನೆ ಖಾಲಿ ಜಾಗವನ್ನೂ ಅದರ ನಂತರದ ಪದಗಳನ್ನೂ ಒಳಗೊಳ್ಳುತ್ತದೆ. ಕೋಹಾ-ಕಾಮನ್ ಜೊತೆಗೆ ಡೇಟಾಬೇಸ್ ಸೇವೆಯ ಹೆಸರನ್ನೂ ಸೇರಿಸಿ ಎರಡನ್ನೂ ಒಟ್ಟಿಗೆ ಮರುಪ್ರಾರಂಭಿಸಲು ಅಡ್ಡಿಯಿಲ್ಲದಾಗುತ್ತದೆ. ಸೇವೆಯ ಸ್ಥಿತಿಯನ್ನು ನೋಡುವ ಸ್ಟೇಟಸ್ ಕಮಾಂಡ್‌ಗೂ ಇರಲಿ ಎಂದು ಅದನ್ನೂ ಸುಡೊ ಪಟ್ಟಿಗೆ ಸೇರಿಸುವವರಿದ್ದಾರೆ. ನೋಡುವುದರಿಂದ ಏನು ಕೆಡುತ್ತದೆ ಎಂದು ಅನಿಸುವುದು ಸಹಜ. ಆದರೆ ಟರ್ಮಿನಲ್‌ನಲ್ಲಿ ಆ ಕಮಾಂಡ್ ತನ್ನ ಉತ್ತರವನ್ನು ಲೆಸ್ ಎಂಬ ಪ್ರೋಗ್ರಾಮ್ ಮೂಲಕ ತೋರಿಸುತ್ತದೆ, ಮತ್ತು ಲೆಸ್‌ನ ಒಳಗಿನಿಂದಲೇ ಹೊಸ ಶೆಲ್ ತೆರೆಯಬಹುದು; ಸುಡೊ ಮೂಲಕ ಬಂದಿದ್ದರೆ ಅದು ರೂಟ್ ಶೆಲ್. ಸಿಸ್ಟಮ್‌ಡಿಯ 247ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಇದಕ್ಕೆ ತಡೆಯೇ ಇರಲಿಲ್ಲವೆಂದು 2023ರಲ್ಲಿ ಅಧಿಕೃತ ದೋಷವಾಗಿಯೇ ದಾಖಲಾಯಿತು. ವಾಸ್ತವದಲ್ಲಿ ಸ್ಥಿತಿಯನ್ನು ವಿಚಾರಿಸಲು ಯಾವ ಅಧಿಕಾರವೂ ಬೇಕಿಲ್ಲ; ಸಾಮಾನ್ಯ ಬಳಕೆದಾರನೂ ಕೇಳಬಹುದು. ಸುಡೋಯರ್ಸ್ ಕಡತವನ್ನು ತಿದ್ದುವಾಗ ತಪ್ಪುಗಳನ್ನು ಪರೀಕ್ಷಿಸುವ ವೈಸುಡೊ ಕಮಾಂಡ್ ಮೂಲಕವೇ ತಿದ್ದಬೇಕು, ಏಕೆಂದರೆ ಅದರಲ್ಲಿ ವ್ಯಾಕರಣದ ತಪ್ಪು ಉಳಿದರೆ ಯಾರಿಗೂ ಸುಡೊ ಸಿಗದಂತಾಗಬಹುದು.

ಇಷ್ಟು ಕಿರಿದು ಮಾಡಿದ ಮೇಲೂ ನನಗೆ ಈ ದಾರಿಯ ಬಗ್ಗೆ ಒಂದು ಆಕ್ಷೇಪವಿದೆ. ಸುಡೊ ಸ್ವತಃ ರೂಟ್ ಅಧಿಕಾರದಿಂದ ಏಳುವ ದೊಡ್ಡ ಪ್ರೋಗ್ರಾಮ್. ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಬಳಕೆದಾರ ಅದನ್ನು ತನಗೆ ಬೇಕಾದ ಪದಗಳೊಂದಿಗೆ ಕರೆಯಬಲ್ಲ. 2021ರ ಜನವರಿಯಲ್ಲಿ ಬಹಿರಂಗವಾದ ದೋಷವೊಂದು 2011ರಿಂದಲೂ ಸುಡೊದಲ್ಲಿ ಅಡಗಿತ್ತು, ಮತ್ತು ಅದನ್ನು ಬಳಸಲು ಸುಡೋಯರ್ಸ್ ಪಟ್ಟಿಯಲ್ಲಿ ಹೆಸರಿರಬೇಕೆಂದೂ ಇರಲಿಲ್ಲ. ಆದ್ದರಿಂದ, ವೆಬ್ ಸೇವೆಯಿಂದ ಹುಟ್ಟುವ ಯಾವ ಪ್ರಕ್ರಿಯೆಯೂ ಹೊಸ ಅಧಿಕಾರ ಪಡೆಯಕೂಡದು ಎಂದು ಸಿಸ್ಟಮ್‌ಡಿಯಲ್ಲಿ ನೋ-ನ್ಯೂ-ಪ್ರಿವಿಲೆಜಸ್ ಎಂಬ ನಿರ್ಬಂಧ ಹಾಕುವ ಪದ್ಧತಿ ಬಂದಿದೆ. ಆ ನಿರ್ಬಂಧ ಹಾಕಿದರೆ ಸುಡೊ ಕೆಲಸ ಮಾಡುವುದಿಲ್ಲ. ಸುಡೊ ಬೇಕೆಂದರೆ ಆ ನಿರ್ಬಂಧವನ್ನು ಕೈಬಿಡಬೇಕು. ಒಂದು ಗುಂಡಿಗಾಗಿ ಇಡೀ ವೆಬ್ ಸೇವೆಯ ರಕ್ಷಣೆಯನ್ನು ಸಡಿಲಿಸುವುದು ಒಳ್ಳೆಯ ವ್ಯಾಪಾರವಲ್ಲ.

ಪೋಲ್ಕಿಟ್ ನಿಯಮದಲ್ಲಿ ಈ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ಯಾರೂ ರೂಟ್ ಆಗಬೇಕಿಲ್ಲ, ಸಿಸ್ಟಮ್‌ಡಿಯನ್ನು ಕೇಳಿದರಾಯಿತು. ಬಳಕೆದಾರ ಇಂಥವನು, ಸೇವೆ ಇಂಥದ್ದು, ಕ್ರಿಯೆ ಮರುಪ್ರಾರಂಭ ಮಾತ್ರ ಎಂಬ ಮೂರನ್ನೂ ಪರೀಕ್ಷಿಸಿ ಒಪ್ಪಿಗೆ ಕೊಡುವ ನಿಯಮವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಬಹುದು. ಸೇವೆಯ ಹೆಸರನ್ನೂ ಕ್ರಿಯೆಯನ್ನೂ ನಿಯಮಕ್ಕೆ ತಿಳಿಸುವ ಸೌಲಭ್ಯ ಸಿಸ್ಟಮ್‌ಡಿಯ 226ನೇ ಆವೃತ್ತಿಯಿಂದ, ಅಂದರೆ 2015ರಿಂದ ಇದೆ; ಡೆಬಿಯನ್‌ನಲ್ಲಿ ಮಾತ್ರ ಜಾವಾಸ್ಕ್ರಿಪ್ಟ್ ನಿಯಮಗಳನ್ನು ಅರ್ಥಮಾಡಿಕೊಳ್ಳುವ ಪೋಲ್ಕಿಟ್ ಬಂದದ್ದು 2023ರ 12ನೇ ಆವೃತ್ತಿಯಲ್ಲಿ. ಮೂರು ಪರೀಕ್ಷೆಗಳಲ್ಲಿ ಸೇವೆಯ ಹೆಸರಿನದನ್ನು ಮರೆತರೆ ಎಲ್ಲ ಸೇವೆಗಳ ಮೇಲೂ ಹಕ್ಕು ಕೊಟ್ಟಂತಾಗುತ್ತದೆ. ಕ್ರಿಯೆಯದನ್ನೂ ಮರೆತರೆ ಇನ್ನೂ ಕೆಡುಕು: ಸ್ಥಳದಲ್ಲೇ ಹೊಸದೊಂದು ತಾತ್ಕಾಲಿಕ ಸೇವೆಯನ್ನು ಸೃಷ್ಟಿಸಿ ಓಡಿಸುವುದಕ್ಕೂ ಸಿಸ್ಟಮ್‌ಡಿ ಇದೇ ಅನುಮತಿಯನ್ನು ಕೇಳುವುದರಿಂದ, ಅಂಥ ಸಡಿಲ ನಿಯಮ ರೂಟ್ ಅಧಿಕಾರಕ್ಕೆ ಸಮ.

ಪದಗಳಿಲ್ಲದ ಕೋರಿಕೆ

ನಾನು ಶಿಫಾರಸು ಮಾಡುವ ವಿಧಾನದಲ್ಲಿ ಪುಟ ಯಾವ ಕಮಾಂಡನ್ನೂ ಓಡಿಸುವುದಿಲ್ಲ. ಅದು ನಿಗದಿತ ಡೈರೆಕ್ಟರಿಯಲ್ಲಿ ನಿಗದಿತ ಹೆಸರಿನ ಒಂದು ಖಾಲಿ ಕಡತವನ್ನು ಸೃಷ್ಟಿಸುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಇದು ಮನೆಯ ಕರೆಗಂಟೆಯಂತೆ: ಒತ್ತಿದವರು ಯಾರೇ ಆಗಿರಲಿ, ಒಳಗಿನವರಿಗೆ ತಲುಪುವುದು ಗಂಟೆಯ ಸದ್ದು ಮಾತ್ರ, ಅದರ ಮೂಲಕ ಬೇರಾವ ಆಜ್ಞೆಯನ್ನೂ ಕಳಿಸಲಾಗುವುದಿಲ್ಲ.

ಆ ಕಡತವನ್ನು ಕಾಯುವ ಕೆಲಸಕ್ಕೆ ಸಿಸ್ಟಮ್‌ಡಿಯಲ್ಲೇ ಪಾತ್ ಯೂನಿಟ್ ಎಂಬ ಏರ್ಪಾಡಿದೆ. ಇಂಥ ಕಡತ ಇದೆಯೆಂದು ಕಂಡೊಡನೆ ಇಂಥ ಸೇವೆಯನ್ನು ಓಡಿಸು ಎಂದು ಅದರಲ್ಲಿ ಬರೆದಿಟ್ಟರೆ, ಕರ್ನಲ್‌ನ ಸೂಚನಾ ವ್ಯವಸ್ಥೆಯ ನೆರವಿನಿಂದ ಅದು ಕಡತ ಹುಟ್ಟಿದ ಕ್ಷಣದಲ್ಲೇ ಎಚ್ಚರಗೊಳ್ಳುತ್ತದೆ. ಅದು ಎಬ್ಬಿಸುವುದು ಒಂದೇ ಬಾರಿ ಓಡಿ ಮುಗಿಯುವ, ಒನ್‌ಶಾಟ್ ಬಗೆಯ ಒಂದು ಪುಟ್ಟ ಸೇವೆಯನ್ನು. ಆ ಸೇವೆ ರೂಟ್ ಆಗಿ ಓಡುತ್ತದೆ. ಮೊದಲು ಆ ಖಾಲಿ ಕಡತವನ್ನು ಅಳಿಸುತ್ತದೆ, ಆಮೇಲೆ ಕೋಹಾ-ಕಾಮನ್ ಸೇವೆಯನ್ನು ಮರುಪ್ರಾರಂಭಿಸುತ್ತದೆ. ಸೇವೆಯ ಹೆಸರು ಅಡ್ಮಿನ್ ಬರೆದ ಕಡತದಲ್ಲೇ ಇದೆ, ಹೊರಗಿನಿಂದ ಬರುವುದಿಲ್ಲ.

ಇಲ್ಲಿ ಅಳಿಸುವ ಕೆಲಸ ಮೊದಲೇ ಆಗಬೇಕೆಂಬುದಕ್ಕೆ ಕಾರಣವಿದೆ. ಮರುಪ್ರಾರಂಭಿಸಿ ಆಮೇಲೆ ಅಳಿಸಿದರೆ, ನಡುವಿನ ಅವಧಿಯಲ್ಲಿ ಬಂದ ಇನ್ನೊಂದು ಕೋರಿಕೆಯೂ ಅದರೊಂದಿಗೆ ಅಳಿಸಿಹೋಗಿ ಯಾರಿಗೂ ತಿಳಿಯದೆ ಕಳೆದುಹೋಗುತ್ತದೆ. ಅಳಿಸುವುದನ್ನು ಮರೆತೇಬಿಟ್ಟರೆ ಇನ್ನೂ ಕಷ್ಟ: ಪುಟ್ಟ ಸೇವೆ ಮುಗಿದೊಡನೆ ಪಾತ್ ಯೂನಿಟ್ ಮತ್ತೆ ನೋಡುತ್ತದೆ, ಕಡತ ಇನ್ನೂ ಇದೆ, ಮತ್ತೆ ಓಡಿಸುತ್ತದೆ, ಹೀಗೆ ಸುತ್ತುತ್ತಲೇ ಹೋಗುತ್ತದೆ. ಹತ್ತು ಸೆಕೆಂಡುಗಳಲ್ಲಿ ಐದು ಬಾರಿಗಿಂತ ಹೆಚ್ಚು ಸೇವೆಯೊಂದು ಪ್ರಾರಂಭವಾಗಲು ಸಿಸ್ಟಮ್‌ಡಿ ಸಾಮಾನ್ಯವಾಗಿ ಬಿಡುವುದಿಲ್ಲವಾದ್ದರಿಂದ ಆ ಮಿತಿ ತಲುಪಿದಾಗ ಪಾತ್ ಯೂನಿಟ್ ವಿಫಲಗೊಂಡು ಕಾಯುವುದನ್ನೇ ನಿಲ್ಲಿಸುತ್ತದೆ, ಮತ್ತು ಆಮೇಲೆ ಗುಂಡಿಯನ್ನು ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ.

ಕಡತ ಎಲ್ಲಿರಬೇಕು ಎಂಬುದೂ ಮುಖ್ಯ. ಹೆಚ್ಚಿನವರಿಗೆ ಮೊದಲು ನೆನಪಾಗುವುದು ತಾತ್ಕಾಲಿಕ ಕಡತಗಳನ್ನು ಇಡುವ ಟೆಂಪ್ ಡೈರೆಕ್ಟರಿ. ಡೆಬಿಯನ್‌ನಲ್ಲಿ ಅಪಾಚೆ ಸೇವೆಗೆ ಪ್ರೈವೇಟ್-ಟೆಂಪ್ ಎಂಬ ರಕ್ಷಣೆ ಮೊದಲಿನಿಂದಲೇ ಇರುತ್ತದೆ. ಅಪಾಚೆ ಟೆಂಪ್ ಎಂದುಕೊಂಡು ಬರೆದ ಕಡತ ಅದರ ಖಾಸಗಿ ಜಾಗಕ್ಕೆ ಹೋಗುತ್ತದೆ, ಹೊರಗೆ ಕಾಯುತ್ತಿರುವ ಪಾತ್ ಯೂನಿಟ್‌ಗೆ ಕಾಣುವುದೇ ಇಲ್ಲ. ಎಲ್ಲವೂ ಸರಿಯಿದ್ದು ಏನೂ ನಡೆಯದ ಈ ಸ್ಥಿತಿ ಬಹಳ ಹೊತ್ತು ಕಾಡುತ್ತದೆ. ಟೆಂಪ್ ಎಲ್ಲರೂ ಬರೆಯಬಹುದಾದ ಜಾಗವಾದ್ದರಿಂದ, ಆ ರಕ್ಷಣೆ ಇಲ್ಲದ ಕಡೆ ಸರ್ವರ್‌ನ ಯಾವ ಬಳಕೆದಾರನೂ ಗುಂಡಿ ಒತ್ತಿದಂತೆ ಮಾಡಬಲ್ಲ ಎಂಬುದು ಇನ್ನೊಂದು ದೋಷ. ಆದ್ದರಿಂದ ರನ್ ಎಂಬ ಡೈರೆಕ್ಟರಿಯ ಒಳಗೆ ಇದಕ್ಕಾಗಿಯೇ ಒಂದು ಡೈರೆಕ್ಟರಿ ಮಾಡಿ, ಮಾಲಿಕತ್ವವನ್ನು ರೂಟ್‌ಗೆ, ಬರೆಯುವ ಹಕ್ಕನ್ನು ಪುಟ ಓಡುವ ಗುಂಪಿಗೆ ಮಾತ್ರ ಕೊಡಬೇಕು. ರನ್ ಡೈರೆಕ್ಟರಿ ನೆನಪಿನಲ್ಲಿ ಮಾತ್ರ ಇರುವಂಥದ್ದು, ಯಂತ್ರ ಬೂಟ್ ಆದಾಗ ಖಾಲಿಯಾಗುತ್ತದೆ. ಅದಕ್ಕಾಗಿ ಪ್ರತಿ ಬೂಟ್‌ನಲ್ಲೂ ನಮ್ಮ ಡೈರೆಕ್ಟರಿಯನ್ನು ಸೃಷ್ಟಿಸುವ ಒಂದು ಸಾಲನ್ನು ಟೆಂಪ್‌ಫೈಲ್ಸ್ ವ್ಯವಸ್ಥೆಗೆ ಬರೆದುಕೊಡಬೇಕು. ಹಳೆಯ ಕೋರಿಕೆಯೊಂದು ಬೂಟ್ ದಾಟಿ ಉಳಿಯದಿರುವುದೂ ಇದರಿಂದ ಆಗುವ ಲಾಭ.

ವೆಬ್ ಸರ್ವರ್ ಸಂಪೂರ್ಣವಾಗಿ ವೈರಿಯ ಕೈಸೇರಿತು ಎಂದೇ ಇಟ್ಟುಕೊಳ್ಳೋಣ. ಆ ಕಡತದಲ್ಲಿ ಏನು ಬರೆದರೂ ಯಾರೂ ಓದುವುದಿಲ್ಲ. ಅದನ್ನು ಬೇರೊಂದು ಮುಖ್ಯ ಕಡತದ ಕಡೆಗೆ ತೋರುವ ಸಾಂಕೇತಿಕ ಕೊಂಡಿಯಾಗಿ ಮಾಡಿದರೆ, ಅಳಿಸುವ ಕಮಾಂಡ್ ಕೊಂಡಿಯನ್ನು ಅಳಿಸುತ್ತದೆಯೇ ಹೊರತು ಅದು ತೋರುವ ಕಡತವನ್ನು ಮುಟ್ಟುವುದಿಲ್ಲ. ಈ ಗುಂಡಿಯ ಮೂಲಕ ಅವರಿಗೆ ಉಳಿಯುವುದು ಕೋಹಾ-ಕಾಮನ್ ಸೇವೆಯನ್ನು ಪದೇಪದೇ ಮರುಪ್ರಾರಂಭಿಸುವ ಕೀಟಲೆಯೊಂದೇ.

ಆ ಕೀಟಲೆಯನ್ನೂ, ಆತುರದ ಬೆರಳುಗಳನ್ನೂ ತಡೆಯಲು ಒಂದು ಸರಳ ಉಪಾಯವಿದೆ. ಪುಟ್ಟ ಸೇವೆಯ ಕೊನೆಯ ಹೆಜ್ಜೆಯಾಗಿ ಎರಡು ನಿಮಿಷ ಸುಮ್ಮನೆ ಕಾಯುವ ಕಮಾಂಡ್ ಸೇರಿಸಿದರೆ, ಆ ಎರಡು ನಿಮಿಷವೂ ಸೇವೆ ಓಡುತ್ತಲೇ ಇರುವುದರಿಂದ ಹೊಸದಾಗಿ ಪ್ರಾರಂಭವಾಗುವುದಿಲ್ಲ. ಅಷ್ಟರಲ್ಲಿ ಇಪ್ಪತ್ತು ಬಾರಿ ಒತ್ತಿದರೂ ಹುಟ್ಟುವುದು ಒಂದೇ ಕಡತ, ಆಮೇಲೆ ನಡೆಯುವುದು ಒಂದೇ ಮರುಪ್ರಾರಂಭ. ಒನ್‌ಶಾಟ್ ಸೇವೆಗಳಿಗೆ ಪ್ರಾರಂಭದ ಗಡುವು ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಈ ಕಾಯುವಿಕೆಗೆ ಅಡ್ಡಿಯಿಲ್ಲ. ತಡೆಯನ್ನು ಪುಟದ ಕೋಡ್‌ನಲ್ಲಿ ಇಡುವುದಕ್ಕಿಂತ ಮಾಡುವವನ ಕಡೆಯಲ್ಲಿಯೇ ಇಡುವುದು ಒಳಿತು; ಪುಟ ಕೆಟ್ಟರೂ ತಡೆ ಕೆಡುವುದಿಲ್ಲ.

ಗುಂಡಿಯ ಕಡೆ

ಸರ್ವರ್‌ನೊಳಗಿನ ವ್ಯವಸ್ಥೆ ಎಷ್ಟೇ ಗಟ್ಟಿಯಾಗಿದ್ದರೂ, ಗುಂಡಿ ಒತ್ತಿದವರು ನಿಜವಾಗಿಯೂ ಒತ್ತಬೇಕೆಂದೇ ಒತ್ತಿದರೇ ಎಂಬ ಪ್ರಶ್ನೆ ಪುಟದ ಬಳಿಯೇ ಇತ್ಯರ್ಥವಾಗಬೇಕು. ಮರುಪ್ರಾರಂಭವನ್ನು ಒಂದು ಸಾಮಾನ್ಯ ಕೊಂಡಿಯಾಗಿ ಇಡುವುದು ದೊಡ್ಡ ತಪ್ಪು. ಮಾಹಿತಿಯನ್ನು ಪಡೆಯುವ ಗೆಟ್ ಕೋರಿಕೆಯಿಂದ ಸರ್ವರ್‌ನಲ್ಲಿ ಏನೂ ಬದಲಾಗಬಾರದು ಎಂದು 1999ರ ಎಚ್‌ಟಿಟಿಪಿ ನಿಯಮಾವಳಿಯೇ ಹೇಳಿತ್ತು. ಹಾಗಿದ್ದರೂ ಅಳಿಸು, ತೆಗೆದುಹಾಕು ಎಂಬಂಥ ಕ್ರಿಯೆಗಳನ್ನು ಕೊಂಡಿಗಳಾಗಿ ಇಟ್ಟಿದ್ದ ತಾಣಗಳು ಬಹಳ ಇದ್ದವು. 2005ರಲ್ಲಿ ಗೂಗಲ್ ಬಿಡುಗಡೆ ಮಾಡಿದ ವೆಬ್ ಆಕ್ಸಿಲರೇಟರ್, ಬಳಕೆದಾರರು ಮುಂದೆ ಒತ್ತಬಹುದಾದ ಕೊಂಡಿಗಳನ್ನು ಮುಂಚಿತವಾಗಿಯೇ ತೆರೆದಿಟ್ಟು ವೇಗ ಹೆಚ್ಚಿಸಲು ಹೊರಟಾಗ, ಲಾಗಿನ್ ಆಗಿದ್ದವರ ಪುಟಗಳಲ್ಲಿದ್ದ ಅಳಿಸುವ ಕೊಂಡಿಗಳನ್ನೂ ತೆರೆಯಿತು, ಜನರ ಮಾಹಿತಿ ಅಳಿಸಿಹೋಯಿತು. ಇಂದು ಮೆಸೇಜ್ ಆ್ಯಪ್‌ಗಳು ಕಳಿಸಿದ ಕೊಂಡಿಯ ಮುನ್ನೋಟ ತೋರಿಸಲು ಅದನ್ನು ತಾವೇ ತೆರೆದು ನೋಡುತ್ತವೆ. ಆದ್ದರಿಂದ ಗುಂಡಿ, ಬದಲಾವಣೆ ಮಾಡುವುದಕ್ಕೆಂದೇ ಇರುವ ಪೋಸ್ಟ್ ಕೋರಿಕೆಯನ್ನೇ ಕಳಿಸಬೇಕು.

ಪೋಸ್ಟ್ ಆದರೂ ಸಾಲದು. ಗ್ರಂಥಪಾಲಕರು ನಮ್ಮ ಪುಟದಲ್ಲಿ ಲಾಗಿನ್ ಆಗಿರುವಾಗಲೇ ಬೇರೊಂದು ತಾಣಕ್ಕೆ ಹೋದರೆ, ಆ ತಾಣವು ಕಾಣದ ಫಾರ್ಮ್ ಒಂದನ್ನು ನಮ್ಮ ಸರ್ವರ್‌ಗೆ ಕಳಿಸುವಂತೆ ಅವರ ಬ್ರೌಸರನ್ನು ಪ್ರೇರೇಪಿಸಬಹುದು, ಮತ್ತು ಬ್ರೌಸರ್ ಅದರೊಂದಿಗೆ ಲಾಗಿನ್ ಆಗಿರುವುದರ ಗುರುತಾದ ಕುಕಿಯನ್ನೂ ಕಳಿಸಿಬಿಡಬಹುದು. ಇದನ್ನು ತಡೆಯಲು ಪ್ರತಿ ಫಾರ್ಮ್‌ನಲ್ಲೂ ಊಹಿಸಲಾಗದ ಒಂದು ಟೋಕನ್ ಇರಿಸಿ, ಮರಳಿ ಬಂದಾಗ ಅದೇ ಎಂದು ತಾಳೆ ನೋಡಬೇಕು. ಹೊರಗಿನ ತಾಣಕ್ಕೆ ಆ ಟೋಕನ್ ಗೊತ್ತಿರಲು ಸಾಧ್ಯವಿಲ್ಲ. 2020ರಿಂದ ಕ್ರೋಮ್ ಬ್ರೌಸರ್ ಸೇಮ್‌ಸೈಟ್ ಎಂಬ ನಿಯಮದ ಮೂಲಕ ಇಂಥ ಕುಕಿಗಳನ್ನು ಸ್ವತಃ ತಡೆಹಿಡಿಯುತ್ತದೆಯಾದರೂ, ನಮ್ಮ ರಕ್ಷಣೆಯನ್ನು ಇನ್ನೊಬ್ಬರ ಬ್ರೌಸರ್ ಮೇಲೆ ಬಿಡಬಾರದು. ಪುಟ ಎಚ್‌ಟಿಟಿಪಿಎಸ್ ಮೂಲಕವೇ ತೆರೆಯಬೇಕು, ಕಾಲೇಜಿನ ಒಳಜಾಲದ ಹೊರಗೆ ಕಾಣಬಾರದು, ಪ್ರತಿಯೊಬ್ಬರೂ ತಮ್ಮದೇ ಹೆಸರಿನಿಂದ ಲಾಗಿನ್ ಆಗಬೇಕು.

ಈ ಪುಟ ಕೋಹಾದ ಒಳಗೇ ಇದ್ದರೆ ಅನುಕೂಲವಲ್ಲವೇ ಎಂಬ ಕೋರಿಕೆ ಬರುವುದು ಖಂಡಿತ. ಕೆಟ್ಟು ನಿಂತಿರುವ ವ್ಯವಸ್ಥೆಯೊಳಗೆ ಅದನ್ನು ಎಬ್ಬಿಸುವ ಗುಂಡಿಯನ್ನು ಇಡಬಾರದು. ಪುಟ ತಾನು ಓಡುತ್ತಿರುವ ಸೇವೆಯನ್ನೇ ಮರುಪ್ರಾರಂಭಿಸ ಹೊರಟರೆ ಇನ್ನೊಂದು ತೊಡಕೂ ಇದೆ: ಸಿಸ್ಟಮ್‌ಡಿ ಸೇವೆಯನ್ನು ನಿಲ್ಲಿಸುವಾಗ ಅದರಿಂದ ಹುಟ್ಟಿದ ಎಲ್ಲ ಪ್ರಕ್ರಿಯೆಗಳನ್ನೂ ಕೊನೆಗಾಣಿಸುವುದರಿಂದ, ಉತ್ತರ ಕಳಿಸಬೇಕಾದ ಪ್ರಕ್ರಿಯೆಯೇ ನಡುವೆ ಸತ್ತು ಬ್ರೌಸರ್‌ನಲ್ಲಿ ದೋಷದ ಪುಟ ಮೂಡುತ್ತದೆ. ಮರುಪ್ರಾರಂಭ ಸರಿಯಾಗಿಯೇ ನಡೆದಿದ್ದರೂ ಒತ್ತಿದವರಿಗೆ ಅದು ಗೊತ್ತಾಗದೆ ಅವರು ಮತ್ತೆ ಒತ್ತುತ್ತಾರೆ.

ಒತ್ತಿದ ಮೇಲೆ ಏನು ಕಾಣಬೇಕು ಎಂಬುದಕ್ಕೂ ಗಮನ ಬೇಕು. ಮರುಪ್ರಾರಂಭ ಮುಗಿಯುವವರೆಗೆ ಬ್ರೌಸರನ್ನು ಕಾಯಿಸುವುದು ಸಲ್ಲದು, ಏಕೆಂದರೆ ಸಿಸ್ಟಮ್‌ಡಿ ಸೇವೆಗೆ ಮೊದಲು ಮೆಲ್ಲಗೆ ಮುಗಿಸುವ ಸಂಕೇತ ಕಳಿಸಿ, ಸಾಮಾನ್ಯವಾಗಿ 90 ಸೆಕೆಂಡುಗಳವರೆಗೆ ಕಾದು, ಆಗಲೂ ನಿಲ್ಲದಿದ್ದರೆ ಮಾತ್ರ ಬಲವಂತದಿಂದ ಕೊನೆಗಾಣಿಸುತ್ತದೆ. ಕೋರಿಕೆ ಸ್ವೀಕರಿಸಲಾಗಿದೆ ಎಂದು ತಕ್ಷಣ ತಿಳಿಸಿ, ಗುಂಡಿಯನ್ನು ಎರಡು ನಿಮಿಷ ಮಂಕಾಗಿಸಿ, ಸ್ಥಿತಿಯನ್ನು ಆಗಾಗ ವಿಚಾರಿಸಿ ತೋರಿಸುವುದು ಸರಿಯಾದ ಕ್ರಮ. ಆದರೆ ಸಿಸ್ಟಮ್‌ಡಿ ಸಕ್ರಿಯ ಎಂದು ಹೇಳಿದ ಮಾತ್ರಕ್ಕೆ ಕೆಲಸ ನಡೆಯುತ್ತಿದೆ ಎಂದಲ್ಲ. ಕೋಹಾ-ಕಾಮನ್ ತನ್ನ ಕೆಳಗೆ ಹಲವು ಪ್ರೋಗ್ರಾಮ್‌ಗಳನ್ನು ಎಬ್ಬಿಸುವ ಸೇವೆ; ಅವುಗಳಲ್ಲೊಂದು ಸತ್ತಿದ್ದರೂ ಒಟ್ಟಾರೆ ಸ್ಥಿತಿ ಸಕ್ರಿಯವಾಗಿಯೇ ಕಾಣಬಹುದು. ಇತ್ತೀಚೆಗೆ ದಾಖಲಿಸಿದ ಪುಸ್ತಕವೊಂದು ಹುಡುಕಾಟದಲ್ಲಿ ಸಿಗುತ್ತದೆಯೇ ಎಂದು ಪುಟವೇ ಪರೀಕ್ಷಿಸಿ ತೋರಿಸಿದರೆ, ಗ್ರಂಥಪಾಲಕರಿಗೆ ಬೇಕಾದ ಉತ್ತರ ಅದೇ.

ವೆಬ್ ಸರ್ವರ್‌ನಂಥ ಸೇವೆಗಳಿಗೆ ಗುಂಡಿ ಮಾಡುವವರು ಇನ್ನೊಂದು ಹೆಜ್ಜೆಯನ್ನು ಸೇರಿಸಬೇಕು. ಎಂಜಿನ್‌ಎಕ್ಸ್ ಅಥವಾ ಅಪಾಚೆಯ ಕಾನ್ಫಿಗರೇಶನ್ ಕಡತದಲ್ಲಿ ಯಾರೋ ನಿನ್ನೆ ಮಾಡಿದ ತಪ್ಪು, ಈಗಾಗಲೇ ಓಡುತ್ತಿರುವ ಸೇವೆಗೆ ತಟ್ಟುವುದಿಲ್ಲ; ಮರುಪ್ರಾರಂಭಿಸಿದಾಗ ಸೇವೆ ನಿಲ್ಲುತ್ತದೆ, ಮತ್ತೆ ಏಳುವುದಿಲ್ಲ. ಎರಡರಲ್ಲೂ ಕಡತವನ್ನು ಪರೀಕ್ಷಿಸಿ ಹೇಳುವ ಕಮಾಂಡ್ ಇದೆ. ಅದು ಸರಿಯೆಂದರೆ ಮಾತ್ರ ಮುಂದಿನ ಹೆಜ್ಜೆ ನಡೆಯುವಂತೆ ಪುಟ್ಟ ಸೇವೆಯಲ್ಲಿ ಬರೆಯಬೇಕು. ಎಷ್ಟೋ ಸಲ ಪೂರ್ಣ ಮರುಪ್ರಾರಂಭದ ಬದಲು, ಕಾನ್ಫಿಗರೇಶನನ್ನು ಮತ್ತೆ ಓದಿಸುವ ರೀಲೋಡ್ ಸಾಕಾಗುತ್ತದೆ, ಅದರಲ್ಲಿ ಸೇವೆ ನಿಲ್ಲುವುದೇ ಇಲ್ಲ.

ಸಿಸ್ಟಮ್‌ಡಿಯ ಜರ್ನಲ್‌ನಲ್ಲಿ ಪುಟ್ಟ ಸೇವೆ ಯಾವಾಗ ಓಡಿತೆಂಬುದು ತಾನಾಗಿ ದಾಖಲಾಗುತ್ತದೆ, ಆದರೆ ಅಲ್ಲಿ ಗುಂಡಿ ಒತ್ತಿದವರ ಹೆಸರಿರುವುದಿಲ್ಲ. ಆದ್ದರಿಂದ ಪುಟವು ತನ್ನ ಕಡೆಯಿಂದ ಲಾಗಿನ್ ಹೆಸರನ್ನೂ ಸಮಯವನ್ನೂ ಒಂದು ಸಾಲಿನ ಕಾರಣವನ್ನೂ ಬರೆದಿಡಬೇಕು. ಕಾರಣ ಕೇಳುವುದು ಹೆಚ್ಚಿನ ಕೆಲಸವೆನಿಸಬಹುದು. ಆದರೆ ಸೋಮವಾರದಂದು ಮಾತ್ರ ಸೂಚಿ ನಿಲ್ಲುತ್ತಿದೆ, ಅದೂ ದೊಡ್ಡ ಪಟ್ಟಿಯೊಂದನ್ನು ಒಟ್ಟಿಗೆ ಸೇರಿಸಿದ ಮೇಲೆ ಎಂಬಂಥ ಸುಳಿವು ಅಡ್ಮಿನ್‌ಗೆ ಸಿಗುವುದು ಆ ಸಾಲುಗಳಿಂದಲೇ. ಆ ಸುಳಿವು ಹಿಡಿದು ಜರ್ನಲ್ ನೋಡಿದಾಗ, ಮೆಮೊರಿ ಸಾಲದೆ ಕರ್ನಲ್ಲೇ ಪ್ರೋಗ್ರಾಮನ್ನು ಕೊಂದಿರುವುದು ಕಾಣಬಹುದು. ಆಗ ಬೇಕಾದದ್ದು ಮೆಮೊರಿ, ಗುಂಡಿಯಲ್ಲ. ಸೇವೆ ಕುಸಿದೊಡನೆ ಮತ್ತೆ ಎಬ್ಬಿಸು ಎಂಬ ಸೂಚನೆಯನ್ನೂ ಸಿಸ್ಟಮ್‌ಡಿಗೆ ಕೊಡಬಹುದು. ಕುಸಿಯದೆ ಸುಮ್ಮನೆ ಸಿಕ್ಕಿಹಾಕಿಕೊಂಡ ಪ್ರೋಗ್ರಾಮ್‌ಗೆ ಮಾತ್ರ ಅದು ಉಪಯೋಗಕ್ಕೆ ಬರುವುದಿಲ್ಲ, ಮನುಷ್ಯರ ಕಣ್ಣು ಬೇಕಾಗುವುದು ಅಲ್ಲಿಯೇ.

ಪುಟವನ್ನು ಗ್ರಂಥಪಾಲಕರ ಕೈಗೆ ಕೊಡುವ ಮೊದಲು ಅಡ್ಮಿನ್ ತಾವೇ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಬಳಕೆದಾರನ ಹೆಸರಿನಲ್ಲಿ ನಿಂತು ಕೆಲವು ಪ್ರಯತ್ನಗಳನ್ನು ಮಾಡಿ ನೋಡಬೇಕು: ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸೇವೆಯನ್ನು ಮರುಪ್ರಾರಂಭಿಸಲು, ಕೋಹಾ-ಕಾಮನ್ ಸೇವೆಯನ್ನು ನಿಲ್ಲಿಸಲು, ಕಡತದ ಜಾಗದಲ್ಲಿ ಕೊಂಡಿಯನ್ನು ಇಡಲು. ಮೊದಲೆರಡು ನಿರಾಕರಣೆಯಾಗಬೇಕು, ಮೂರನೆಯದರಿಂದ ಏನೂ ಕೆಡಬಾರದು. ಆಮೇಲೆ ಬ್ರೌಸರ್‌ನಲ್ಲಿ ಲಾಗೌಟ್ ಆಗಿ ಒತ್ತಬೇಕು, ಟೋಕನ್ ಇಲ್ಲದೆ ಕಳಿಸಬೇಕು, ಎಡೆಬಿಡದೆ ಒತ್ತಿ ಎಷ್ಟು ಬಾರಿ ಮರುಪ್ರಾರಂಭವಾಯಿತೆಂದು ಜರ್ನಲ್‌ನಲ್ಲಿ ಎಣಿಸಬೇಕು. ಸೂಚಿಯ ತೊಂದರೆ ಮೂಲದಲ್ಲೇ ಪರಿಹಾರವಾಗಿ ಗುಂಡಿಯ ಅಗತ್ಯ ತೀರಿದ ದಿನ, ಪಾತ್ ಯೂನಿಟನ್ನು ನಿಷ್ಕ್ರಿಯಗೊಳಿಸಿ, ಅದರ ಕಡತವನ್ನೂ ಪುಟ್ಟ ಸೇವೆಯ ಕಡತವನ್ನೂ ಟೆಂಪ್‌ಫೈಲ್ಸ್‌ನ ಸಾಲನ್ನೂ ಅಳಿಸಿ, ಪುಟವನ್ನು ತೆಗೆದುಹಾಕಿದರೆ, ಸರ್ವರ್‌ನಲ್ಲಿ ಹೆಚ್ಚುವರಿ ಅನುಮತಿ ಯಾವುದೂ ಉಳಿಯುವುದಿಲ್ಲ.